ಓದುಗರ ಪ್ರಶ್ನೆ: ಮನ್‌ಸ್ಟರ್ ಗದ್ದುಗೆ ಯಾವ ಮನೆತನದ್ದು?

ಹೋದ ಸಂಚಿಕೆಯಲ್ಲಿ ಒಬ್ಬರು ಕೇಳಿದ್ದಕ್ಕೆ ಐರ್ಲೆಂಡಿನ ಬ್ರಯನ್ ಬೊರು ಎಂಬ ರಾಜನ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅವನು ಮನ್‌ಸ್ಟರ್ ಎಂಬ ರಾಜ್ಯದವನು, ಅವನ ಮನೆತನ ಹಳೇ ರಾಜಮನೆತನವನ್ನು ಎಬ್ಬಿಸಿ ಕೂತದ್ದು ಅಂತ. ಅಷ್ಟಕ್ಕೇ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಯಿಂದ ಪ್ರಶ್ನೆಗಳು ಬಂದು ಬಿದ್ದಿವೆ. ಈ ಸಲ ಇಡೀ ಅಂಕಣ ಅದಕ್ಕೇ. ಅಡಿಕೆ ಕೊಳೆರೋಗದ ಬಗ್ಗೆ ಕೇಳಿದವರು ಬೇಜಾರು ಮಾಡಿಕೊಳ್ಳಬೇಡಿ, ಅದನ್ನು ಕೃಷಿ ಪುಟಕ್ಕೆ ದಾಟಿಸಿದ್ದೇನೆ.

ಮೇಷ್ಟ್ರೇ, ಹೊಯ್ಸಳರ ಕಾಲದಲ್ಲಿ ಐರ್ಲೆಂಡನ್ನು ಆಳುತ್ತಿದ್ದ ವಂಶ ಯಾವುದು? ಒಂದೇ ಹೆಸರು ಸಾಕು, ನೋಟ್ಸ್‌ಗೆ ಬೇಕು.
*ಪದವಿ ವಿದ್ಯಾರ್ಥಿನಿ, ಹಾಸನ*

ಒಂದೇ ಹೆಸರು ಕೊಡೋಕೆ ಆಗಲ್ಲ ಕಣಮ್ಮ. ಆ ಪುಟ್ಟ ದ್ವೀಪದಲ್ಲಿ ಸುಮಾರು 150 ಚಿಕ್ಕ ರಾಜ್ಯಗಳಿದ್ದವು. ಒಂದೊಂದಕ್ಕೂ ಒಬ್ಬ ರಾಜ. ನಮ್ಮ ಹೋಬಳಿಯಷ್ಟು ಜಾಗ ಇಟ್ಟುಕೊಂಡವನೂ ರಾಜನೇ. ಇಂಥ ಕೆಲವರ ಮೇಲೆ ಇನ್ನೊಬ್ಬ ರಾಜ, ಅವರೆಲ್ಲರ ಮೇಲೆ ಇಡೀ ಪ್ರಾಂತ್ಯದ ರಾಜ. ಅಂಥ ದೊಡ್ಡ ಪ್ರಾಂತ್ಯಗಳಲ್ಲಿ ಮನ್‌ಸ್ಟರ್ ಒಂದು, ದೇಶದ ನೈಋತ್ಯ ಮೂಲೆ. ಈಗಿನ ಕಾರ್ಕ್, ಕೆರ್ರಿ, ಲಿಮರಿಕ್, ಕ್ಲೇರ್, ಟಿಪ್ಪರರಿ, ವಾಟರ್‌ಫರ್ಡ್ ಜಿಲ್ಲೆಗಳು ಅದರೊಳಗೆ ಬರುತ್ತವೆ. ರಾಜರ ಗದ್ದುಗೆ ಕ್ಯಾಶೆಲ್ ಎಂಬ ಸುಣ್ಣಕಲ್ಲಿನ ಗುಡ್ಡದ ಮೇಲೆ.

ನೋಟ್ಸ್‌ಗೆ ಇಷ್ಟು ಬರೆದುಕೊಳ್ಳಿ. 5ನೇ ಶತಮಾನದ ಹೊತ್ತಿನಿಂದ 10ನೇ ಶತಮಾನದ ಮಧ್ಯದವರೆಗೆ ಓಗನಾಖ್ಟ ಎಂಬ ಕುಲ. ಆಮೇಲೆ ಡಾಲ್ ಕಾಶ್ ಎಂಬ ಕುಲ, ಬ್ರಯನ್ ಬೊರು ಇವರವನು, ಇವನ ಸಂತತಿಯೇ ಓಬ್ರಯನ್‌ಗಳು. 1118ರಲ್ಲಿ ರಾಜ್ಯ ಎರಡಾಯಿತು, ಉತ್ತರ ಭಾಗ ಓಬ್ರಯನ್‌ಗಳಿಗೆ, ದಕ್ಷಿಣ ಭಾಗ ಮೆಕಾರ್ಥಿಗಳಿಗೆ. ಈ ಮೆಕಾರ್ಥಿಗಳು ಬೇರೆ ಯಾರೂ ಅಲ್ಲ, ಹಳೇ ಓಗನಾಖ್ಟದವರೇ. ಬೇಲೂರಿನಲ್ಲಿ ವಿಷ್ಣುವರ್ಧನ ಚೆನ್ನಕೇಶವನ ಪ್ರತಿಷ್ಠೆ ಮಾಡಿಸಿದ್ದು 1117ರಲ್ಲಿ ಅಲ್ವಾ, ಅದರ ಮರುವರ್ಷವೇ ಅಲ್ಲಿ ಈ ಪಾಲು. ಪರೀಕ್ಷೆಯಲ್ಲಿ ಇಸವಿ ಮರೆಯಲ್ಲ.

ಅಲ್ಲಿ ಹಿರಿಮಗನಿಗೆ ಪಟ್ಟ ಅನ್ನೋದು ಇರಲಿಲ್ಲ ಅಂತ ಬರೆದಿದ್ದಿರಿ. ಹಾಗಾದರೆ ಯಾರಿಗೆ ಸಿಗುತ್ತಿತ್ತು? ನಮ್ಮ ಕಡೆ ತೋಟ ಪಾಲಾಗುವಾಗಲೇ ಇಷ್ಟು ರಾಮಾಯಣ ಆಗುತ್ತೆ.
*ಕಾಫಿ ಬೆಳೆಗಾರರು, ಮೂಡಿಗೆರೆ*

ಅಲ್ಲಿಯದು ಮಹಾಭಾರತ ಸ್ವಾಮಿ. ಅವರ ಹಳೇ ಕಾನೂನಿನಲ್ಲಿ ನಾಲ್ಕು ತಲೆಮಾರಿನ ಲೆಕ್ಕ. ಒಬ್ಬನೇ ಮುತ್ತಾತನಿಂದ ಇಳಿದು ಬಂದ ಗಂಡಸರೆಲ್ಲ ಒಂದು ಗುಂಪು. ರಾಜ ಸತ್ತರೆ ಆ ಗುಂಪಿನ ಯಾರಾದರೂ ಗದ್ದುಗೆಗೆ ನಿಲ್ಲಬಹುದು. ತಮ್ಮ, ಚಿಕ್ಕಪ್ಪ, ದೊಡ್ಡಪ್ಪನ ಮಗ, ಎಲ್ಲರಿಗೂ ಹಕ್ಕಿದೆ. ಚರ್ಚು ಎಷ್ಟು ಬೈದರೂ ರಾಜರು ಒಬ್ಬರಿಗಿಂತ ಜಾಸ್ತಿ ಹೆಂಡಿರನ್ನು ಇಟ್ಟುಕೊಳ್ಳುತ್ತಿದ್ದರು, ಯಾವ ಹೆಂಡತಿಯ ಮಗ ಅನ್ನುವುದೂ ದೊಡ್ಡ ಅಡ್ಡಿಯಲ್ಲ. ಹೀಗಾಗಿ ಒಂದು ಕುರ್ಚಿಗೆ ಯಾವಾಗಲೂ ಹತ್ತಾರು ಜನ.

ಇದರಲ್ಲಿ ಒಂದು ಕೆಟ್ಟ ಗಡುವೂ ಅಡಗಿದೆ. ನಿಮ್ಮ ಅಪ್ಪ ರಾಜನಾಗಲಿಲ್ಲ, ಅಜ್ಜ ಆಗಲಿಲ್ಲ, ನೀವೂ ಆಗಲಿಲ್ಲ ಅನ್ನಿ. ನಿಮ್ಮ ಮಕ್ಕಳ ಕಾಲಕ್ಕೆ ನಿಮ್ಮ ಕವಲು ಮೆಲ್ಲಗೆ ಲೆಕ್ಕದಿಂದ ಹೊರಗೆ ಹೋಗುತ್ತದೆ, ಬರೀ ಜಮೀನುದಾರರಾಗಿ ಉಳಿಯುತ್ತೀರಿ. ಹಾಗಾಗಿ ಪ್ರತಿ ತಲೆಮಾರಿನವರೂ "ಈಗಲೇ ಆಗಬೇಕು, ಇಲ್ಲದಿದ್ದರೆ ಮುಗಿಯಿತು" ಅಂತ ಕತ್ತಿ ಹಿಡಿಯುತ್ತಿದ್ದರು. ಅವರಿಗೆ ರಕ್ತದ ಹುಚ್ಚು ಅಂತ ಕೆಲವರು ಬರೆಯುತ್ತಾರೆ, ನನಗೆ ಒಪ್ಪಿಗೆಯಿಲ್ಲ. ನಿಯಮವೇ ಹಾಗಿತ್ತು.

ಜಗಳ ಕಡಿಮೆ ಮಾಡೋಕೆ ಅಂತ ಒಂದು ಏರ್ಪಾಡೂ ಇತ್ತು. ರಾಜ ಬದುಕಿರುವಾಗಲೇ ಮುಂದಿನವನನ್ನು ಗೊತ್ತುಮಾಡಿ ಅವನಿಗೆ ಟಾನಿಶ್ಟ ಎಂಬ ಪದವಿ ಕೊಡುತ್ತಿದ್ದರು. ಇವತ್ತಿಗೂ ಐರ್ಲೆಂಡಿನ ಉಪಪ್ರಧಾನಿಯ ಹುದ್ದೆಗೆ ಅದೇ ಹೆಸರು. ಪದವಿ ಸಿಕ್ಕವನು ಉಳಿದುಕೊಳ್ಳಬೇಕಲ್ಲ! ಇನ್ನೊಂದು ಕಟ್ಟಳೆ, ರಾಜನ ಮೈಯಲ್ಲಿ ಊನ ಇರಬಾರದು. ಅದನ್ನೇ ಹಿಡಿದು ದಾಯಾದಿಯ ಕಣ್ಣು ಕೀಳಿಸಿಬಿಡುತ್ತಿದ್ದರು. ಕೊಂದ ಪಾಪ ಇಲ್ಲ, ಆದರೆ ಅವನು ಇನ್ನು ರಾಜನಾಗಲಾರ.

ಬ್ರಯನ್ ಬೊರುವಿನ ಮನೆಯಲ್ಲೇ ನೋಡಿ. ಅವನು ಸತ್ತ ಒಂಬತ್ತು ವರ್ಷಕ್ಕೆ, 1023ರಲ್ಲಿ, ಮಗ ಡೊನಾ ತನ್ನ ಮಲ ಅಣ್ಣ ಟೈಗ್‌ನನ್ನು ಕೊಲ್ಲಿಸಿದ. ನಲವತ್ತು ವರ್ಷ ಆಳಿದ. ಅಷ್ಟರಲ್ಲಿ ಟೈಗ್‌ನ ಮಗ ಟರ್ಲಾ ಬೆಳೆದು, ಹೊರಗಿನ ರಾಜನ ಬೆಂಬಲ ತಂದು, ಈ ಚಿಕ್ಕಪ್ಪನನ್ನು ಇಳಿಸಿದ. ಮುದುಕ ಡೊನಾ ರೋಮಿಗೆ ಯಾತ್ರೆ ಹೋಗಿ 1064ರಲ್ಲಿ ಅಲ್ಲೇ ತೀರಿಕೊಂಡ. ನಮ್ಮಲ್ಲೂ ಹಿರಿಮಗನ ಕಟ್ಟು ಅಷ್ಟೇನೂ ಗಟ್ಟಿ ಇರಲಿಲ್ಲ ಬಿಡಿ. ಒಂದನೇ ಬಲ್ಲಾಳನ ಪಟ್ಟ ತಮ್ಮ ವಿಷ್ಣುವರ್ಧನನಿಗೆ ಬಂತು, ಎರಡನೇ ಬಲ್ಲಾಳ ಅಪ್ಪನ ಮೇಲೆಯೇ ತಿರುಗಿಬಿದ್ದ.

ಓಗನಾಖ್ಟ ಅಂದರೆ ಒಂದೇ ಕುಟುಂಬವಾ? ಐನೂರು ವರ್ಷ ಹೇಗೆ ಹಿಡಿದಿಟ್ಟುಕೊಂಡರು?
*ಓದುಗರು, ತರೀಕೆರೆ*

ಒಂದು ಕುಟುಂಬ ಅಲ್ಲ, ಒಂದು ಮೂಲಪುರುಷನ ಹೆಸರು ಹೇಳಿಕೊಳ್ಳುವ ಹಲವು ಕವಲು. ಕ್ಯಾಶೆಲ್ ಕವಲು, ಗ್ಲೆಂಡಾವ್ನಾ ಕವಲು, ಆನ್ಯ ಕವಲು, ಪಶ್ಚಿಮದಲ್ಲಿ ಕಿಲ್ಲಾರ್ನಿ ಸರೋವರದ ಹತ್ತಿರ ಲಾಖ್ ಲೇನ್ ಕವಲು, ಹೀಗೆ. 7, 8ನೇ ಶತಮಾನದಲ್ಲಿ ಪೂರ್ವದ ಕವಲುಗಳ ನಡುವೆ ಗದ್ದುಗೆ ಸರದಿಯಂತೆ ಸುತ್ತುತ್ತಿತ್ತು. ಪಶ್ಚಿಮದವರು ಸಿಟ್ಟು ಮಾಡಿಕೊಂಡು ಬೇರೆ ರಾಜರಂತೆಯೇ ಇದ್ದರು. ಉತ್ತರದ ನೀಲ್ ಕುಲದವರಿಗಿದ್ದಷ್ಟು ಯುದ್ಧದ ಚಟ ಇವರಿಗಿರಲಿಲ್ಲ, ಸಂಧಿ, ಒತ್ತೆಯಾಳು, ಮದುವೆ, ಇದರಲ್ಲೇ ಜಾಸ್ತಿ ಕಾಲ ತಳ್ಳಿದರು. ಕೂತು ಉಂಡರು ಅಂತಲೂ ಹೇಳಬಹುದು. ಕವಲುಗಳು ಜಾಸ್ತಿಯಾದಂತೆ ಒಗ್ಗಟ್ಟು ಸಡಿಲವಾಯಿತು, ಹೊಸಬರು ಬಂದಾಗ ತಡೆಯೋಕೆ ಆಗಲಿಲ್ಲ.

ಬಿಷಪ್ ಆಗಿದ್ದವರೂ ರಾಜರಾಗಿದ್ದರಂತೆ, ನಿಜವಾ ಸಾರ್?
*ಚಿಕ್ಕಮಗಳೂರಿನಿಂದ ಒಬ್ಬರು*

ನಿಜ. ಇಬ್ಬರು ಮುಖ್ಯ, ಇಬ್ಬರೂ ಓಗನಾಖ್ಟದವರು, ಸ್ವಭಾವದಲ್ಲಿ ಮಾತ್ರ ಅಜಗಜಾಂತರ.

ಫೆಲಿಮ್ 820ರಿಂದ 847ರವರೆಗೆ ಆಳಿದ. ಧರ್ಮದ ಶಿಸ್ತು ಅಂತ ಬಾಯಲ್ಲಿ, ಕೈಯಲ್ಲಿ ಕೊಳ್ಳಿ. ಕ್ಲಾನ್‌ಮಕ್‌ನೋಯ್ಸ್ ಎಂಬ ದೊಡ್ಡ ಮಠವನ್ನು ಒಂದಲ್ಲ, ಹಲವು ಸಲ ದೋಚಿದ. ವೈಕಿಂಗ್‌ಗಳು ಎಂಬ ಕಡಲ ದಾಳಿಕೋರರು ಹೊರಗಿನಿಂದ ಬಂದು ಮಠ ಸುಡುತ್ತಿದ್ದ ಕಾಲದಲ್ಲೇ ಒಳಗಿನವನೊಬ್ಬ ಇದೇ ಕೆಲಸ ಮಾಡಿದ. ಆ ಮಠದ ಸಂತ ಕೀರನ್ ಕನಸಿನಲ್ಲಿ ಬಂದು ಕೋಲಿನಿಂದ ಹೊಟ್ಟೆಗೆ ತಿವಿದ, ಅದೇ ನೋವಿನಲ್ಲಿ ಫೆಲಿಮ್ ಸತ್ತ ಅಂತ ಮಠದವರ ಕಥೆ.

ಇನ್ನೊಬ್ಬ ಕೊರ್ಮಾಕ್ ಮಕ್ ಕುಲೆನನ್. ಅಷ್ಟೇನೂ ದೊಡ್ಡದಲ್ಲದ ಕವಲಿನವನು, ಓದಿನ ಮನುಷ್ಯ. 902ರಲ್ಲಿ ರಾಜನಾದ. 1400ಕ್ಕೂ ಹೆಚ್ಚು ಐರಿಷ್ ಪದಗಳಿಗೆ ಅರ್ಥ, ಮೂಲ ಹೇಳುವ ಒಂದು ನಿಘಂಟು ಅವನ ಹೆಸರಿನಲ್ಲಿದೆ. 908ರಲ್ಲಿ ಬೆಲಾಖ್ ಮುಗ್ನ ಎಂಬಲ್ಲಿ ನೀಲ್ ಕುಲದ ಫ್ಲಾನ್ ರಾಜನ ಕಡೆಯವರ ಜೊತೆ ಯುದ್ಧ. ಕೊರ್ಮಾಕ್ ಸತ್ತ, ತಲೆ ಕಡಿದು ಫ್ಲಾನ್‌ನ ಮುಂದಿಟ್ಟರು. ಇನಾಮು ಸಿಗುತ್ತದೆ ಅಂತ ತಂದವರಿಗೆ ಫ್ಲಾನ್ ಬೈದ, ಆ ತಲೆಗೆ ಮುತ್ತಿಟ್ಟು ಅತ್ತ ಅನ್ನುತ್ತಾರೆ. ಓಗನಾಖ್ಟದವರು ಆ ಏಟಿನಿಂದ ಮೊದಲಿನಂತೆ ಏಳಲೇ ಇಲ್ಲ.

ನಮ್ಮೂರಿಗೆ ಹೆಳವರು ಬಂದು ಹತ್ತು ತಲೆಮಾರಿನ ಹೆಸರು ಹೇಳುತ್ತಾರೆ. ಈ ಐರಿಷ್ ವಂಶಾವಳಿಗಳನ್ನು ಎಷ್ಟು ನಂಬಬಹುದು?
*ಶಿಕ್ಷಕರು, ಚನ್ನರಾಯಪಟ್ಟಣ*

ಈ ಪ್ರಶ್ನೆಗೆ ಕಾಯುತ್ತಿದ್ದೆ. ಅಲ್ಲೂ ಹೆಳವರಂಥವರು ಇದ್ದರು ಸಾರ್, ತಂದೆಯಿಂದ ಮಗನಿಗೆ ವಂಶಾವಳಿ ಹೇಳುವುದೇ ಕಸುಬು. ಓಬ್ರಯನ್‌ಗಳಿಗೆ ಮಕ್‌ಬ್ರೋಡಿ ಎಂಬ ಮನೆತನದವರು ಈ ಕೆಲಸ ಮಾಡುತ್ತಿದ್ದರು. ವ್ಯತ್ಯಾಸ ಏನೆಂದರೆ, ರಾಜ ಅವರಿಗೆ ಜಮೀನು ಕೊಟ್ಟಿರುತ್ತಿದ್ದ. ಜಮೀನು ಕೊಟ್ಟವನ ಮುತ್ತಾತನ ಬಗ್ಗೆ ಕೆಟ್ಟದ್ದು ಯಾರು ಬರೆಯುತ್ತಾರೆ ಹೇಳಿ.

ಡಾಲ್ ಕಾಶ್‌ನವರ ಕಥೆ ಕೇಳಿ. ಶಾನನ್ ನದಿಯ ಕೆಳದಂಡೆಯ ಆ ಜನ ಮೊದಲು ಓಗನಾಖ್ಟದವರಿಗೆ ಕೈಕೆಳಗಿದ್ದವರು. ಆಗ ಅವರ ಗುಂಪಿಗೆ ಡೇಶಿ ಅಂತ ಹೆಸರು, ಕಪ್ಪ ಕೊಡುವ ಪ್ರಜೆಗಳು. ಲಿಮರಿಕ್ ನದೀಮುಖದಲ್ಲಿ ವೈಕಿಂಗ್‌ಗಳು ಊರು ಕಟ್ಟಿಕೊಂಡಿದ್ದರು, ಅವರ ಜೊತೆ ಕಾದಾಡುತ್ತಾ, ಅವರ ದೋಣಿಯ ವಿದ್ಯೆಯನ್ನೂ ಕಲಿಯುತ್ತಾ ಇವರು ಬಲಿತರು. ಕೆನೆಡಿ ಎಂಬ ನಾಯಕ 951ರಲ್ಲಿ ಸತ್ತ. ಅವನ ಮಗ ಮಹೊನ್ ಕ್ಯಾಶೆಲ್ ಗದ್ದುಗೆಯನ್ನೇ ಹಿಡಿದ, 967ರಲ್ಲಿ ಲಿಮರಿಕ್ ಸುಟ್ಟ. 976ರಲ್ಲಿ ಓಗನಾಖ್ಟದ ಮೋಲ್‌ಮುವಾ ಮತ್ತು ಅವನ ಜೊತೆಗಾರರು ಮಹೊನ್‌ನನ್ನು ಹಿಡಿದು ಕೊಂದರು. ತಮ್ಮ ಬ್ರಯನ್ 978ರಲ್ಲಿ ಬೆಲಾಖ್ ಲೆಖ್ತ ಯುದ್ಧದಲ್ಲಿ ಮೋಲ್‌ಮುವಾನನ್ನು ಮುಗಿಸಿದ. ಅಲ್ಲಿಗೆ ಮನ್‌ಸ್ಟರ್ ಇವರದ್ದಾಯಿತು.

ಗೆದ್ದದ್ದೇನೋ ಆಯಿತು. ಆದರೆ ಕಪ್ಪ ಕೊಡುತ್ತಿದ್ದವರು ಕ್ಯಾಶೆಲ್‌ನಲ್ಲಿ ಕೂರುವುದು ಹೇಗೆ? ಆಗ ವಂಶಾವಳಿ ತಿದ್ದಿದರು. ಓಗನಾಖ್ಟದವರ ಮೂಲಪುರುಷ ಓಗನ್, ಅವನ ಅಪ್ಪ ಅಲಿಲ್ ಓಲಮ್ ಅಂತ ಪುರಾಣ ಇತ್ತು. ಅದೇ ಅಲಿಲ್‌ಗೆ ಕೊರ್ಮಾಕ್ ಕಾಸ್ ಎಂಬ ಇನ್ನೊಬ್ಬ ಮಗನಿದ್ದ, ನಾವು ಅವನ ಸಂತತಿ, ಎರಡೂ ಮನೆಯವರು ಸರದಿಯಂತೆ ಆಳಬೇಕು ಅಂತ ಅಪ್ಪನೇ ಕಟ್ಟು ಮಾಡಿದ್ದ, ಇದು ಹೊಸ ಕಥೆ. ವಿದ್ವಾಂಸರು ಇದನ್ನು ಆಮೇಲೆ ಹೊಲಿದದ್ದು ಅಂತಲೇ ನೋಡುತ್ತಾರೆ.

ನಗಬೇಡಿ, ಬೇಲೂರು ದಾಟಿ ಮೂಡಿಗೆರೆ ಕಡೆ ಅಂಗಡಿಗೆ ಹೋಗಿ ನಿಂತರೆ ನಮ್ಮದೂ ಇದೇ. ಹಳೇ ಸೊಸೆವೂರು, ಮಲೆನಾಡಿನ ನಾಯಕರು, "ಮಲಪರೊಳ್ ಗಂಡ" ಅನ್ನುವುದು ಅವರ ಬಿರುದು. ರಾಜ್ಯ ದೊಡ್ಡದಾದ ಮೇಲೆ ಶಾಸನಗಳಲ್ಲಿ ಯದುವಂಶದವರು, ದ್ವಾರಾವತಿಯವರು! ಹುಲಿ ಹೊಡೆದ ಸಳನ ಕಥೆಯೂ ಅದರ ಜೊತೆಗೇ ಬಂತು. ಇದನ್ನು ಮೋಸ ಅನ್ನುವ ಬದಲು, ಗೆದ್ದವರು ಯಾರ ಪಕ್ಕ ಕೂರಲು ಬಯಸಿದ್ದರು ಎಂಬ ದಾಖಲೆ ಅಂತ ಓದಿದರೆ ಜಾಸ್ತಿ ಉಪಯೋಗ.

ಇನ್ನೂ ಮಜಾ ಇದೆ. 12ನೇ ಶತಮಾನದ ಶುರುವಿನಲ್ಲಿ ಬ್ರಯನ್‌ನ ಮರಿಮಗ ಮರ್ಟಾ ಓಬ್ರಯನ್‌ನ ಕಾಲದಲ್ಲಿ, ಬ್ರಯನ್ ವೈಕಿಂಗ್‌ಗಳನ್ನು ಬಡಿದ ಕಥೆಯನ್ನು ಭಾರೀ ಅಬ್ಬರದ ಗದ್ಯದಲ್ಲಿ ಬರೆಸಿದರು. ಅದನ್ನು ನೋಡಿ ಮೆಕಾರ್ಥಿಗಳ ಕಡೆಯವರು ಸುಮ್ನೆ ಕೂರಲಿಲ್ಲ. 954ರಲ್ಲಿ ಸತ್ತಿದ್ದ ತಮ್ಮ ಹಳೇ ರಾಜ ಕೆಲಖಾನ್‌ನನ್ನು ಎಬ್ಬಿಸಿ, ಅವನೂ ವೈಕಿಂಗ್‌ಗಳನ್ನು ಬಡಿದ ಅಂತ ಅಷ್ಟೇ ಅಬ್ಬರದ ಇನ್ನೊಂದು ಪುಸ್ತಕ ಬರೆಸಿದರು. ಆದ್ದರಿಂದ ಸಾರ್, ಪಟ್ಟಿಯಲ್ಲಿ 5ನೇ ಶತಮಾನದ ಹಿಂದಿನ ಹೆಸರುಗಳನ್ನು ಪುರಾಣ ಅಂತ ಓದಿ. ಮಠಗಳಲ್ಲಿ ವರ್ಷವರ್ಷ ಬರೆದಿಟ್ಟ ವೃತ್ತಾಂತಗಳು ಬೆಂಬಲಕ್ಕೆ ಸಿಗುವ ಕಾಲದಿಂದ ಈಚೆಗೆ ನಂಬಿಕೆ ಹೆಚ್ಚು ಮಾಡಿಕೊಳ್ಳಿ.

ದೇವಸ್ಥಾನ ನೋಡಲು ಬಂದ ಐರಿಷ್ ದಂಪತಿ ತಾವು ಓಬ್ರಯನ್, ರಾಜನ ವಂಶದವರು ಅಂದರು. ವೈಕಿಂಗ್‌ಗಳನ್ನು ದೇಶದಿಂದ ಓಡಿಸಿದ ರಾಜ ಅಂತಲೂ ಹೇಳಿದರು. ಸುಮ್ನೆ ಬಿಟ್ಟರಾ?
*ಗೈಡ್, ಬೇಲೂರು*

ಮೊದಲನೆಯದು ಇರಬಹುದು, ಎರಡನೆಯದು ಶಾಲೆಯ ಪಾಠ. ಓಬ್ರಯನ್ ಅಂದರೆ ಬ್ರಯನ್‌ನ ಮೊಮ್ಮಗ, ಅವನ ಸಂತತಿ. ಈ ಅಡ್ಡಹೆಸರು ಇಟ್ಟುಕೊಂಡವರು ಈಗ ಲೆಕ್ಕಕ್ಕೆ ಸಿಗದಷ್ಟು ಜನ, ಎಲ್ಲರೂ ಅರಮನೆಯವರಲ್ಲ.

ಬ್ರಯನ್ 1002ರಲ್ಲಿ ನೀಲ್ ಕುಲದ ಮಾಲಕಿ ಎಂಬ ರಾಜನನ್ನು ಬಗ್ಗಿಸಿ ಇಡೀ ಐರ್ಲೆಂಡಿನ ಮೇಲರಸನಾದ. ಅದುವರೆಗೆ ಆ ಪದವಿ ಹೆಚ್ಚುಕಡಿಮೆ ನೀಲ್ ಕುಲದ ಸ್ವತ್ತು. 1014ರ ಏಪ್ರಿಲ್ 23, ಶುಭ ಶುಕ್ರವಾರ, ಡಬ್ಲಿನ್ ಪಕ್ಕದ ಕ್ಲಾಂಟಾರ್ಫ್ ಯುದ್ಧದಲ್ಲಿ ಅವನ ಸೈನ್ಯ ಗೆದ್ದಿತು, ಅವನು ಮತ್ತು ಮಗ ಮುರ್ಖಾದ್ ಸತ್ತರು. ಎದುರಿಗಿದ್ದವರು ಯಾರು? ಡಬ್ಲಿನ್‌ನ ವೈಕಿಂಗ್ ರಾಜ ಸಿಟ್ರಿಕ್, ಅವನ ಜೊತೆಗೆ ಐರ್ಲೆಂಡಿನದ್ದೇ ಆದ ಲೆನ್‌ಸ್ಟರ್ ರಾಜ್ಯದ ದೊರೆ. ಸಿಟ್ರಿಕ್ ಬ್ರಯನ್‌ನ ಅಳಿಯ. ಸಿಟ್ರಿಕ್‌ನ ತಾಯಿ ಗೋರ್ಮ್‌ಲಾ ಒಂದು ಕಾಲಕ್ಕೆ ಬ್ರಯನ್‌ನ ಹೆಂಡತಿ, ಲೆನ್‌ಸ್ಟರ್ ದೊರೆ ಅವಳ ಒಡಹುಟ್ಟಿದವನು. ಬೀಗರ ಜಗಳ ಅನ್ನಿ. ಯುದ್ಧ ಸೋತ ಸಿಟ್ರಿಕ್ ಎಲ್ಲಿಗೂ ಓಡಲಿಲ್ಲ, 1036ರವರೆಗೆ ಡಬ್ಲಿನ್‌ನಲ್ಲೇ ರಾಜನಾಗಿದ್ದ. ಮುಂದಿನ ಸಲ ಯಾರಾದರೂ ಓಬ್ರಯನ್ ಬಂದರೆ ಇದನ್ನು ಹೇಳಬೇಡಿ, ಟಿಪ್ಸ್ ಹೋಗುತ್ತೆ.

ಐರಿಷ್ ರಾಜರು ಬರೀ ಆಲೂಗಡ್ಡೆ ತಿನ್ನುತ್ತಿದ್ದರಾ?
*ಆಲೂಗಡ್ಡೆ ಬೆಳೆಗಾರರು, ಹಾಸನ ತಾಲ್ಲೂಕು*

ಆಲೂಗಡ್ಡೆ ಅಲ್ಲಿಗೆ ಮುಟ್ಟಿದ್ದು 16ನೇ ಶತಮಾನದ ಕೊನೆಯ ಹೊತ್ತಿಗೆ, ದಕ್ಷಿಣ ಅಮೆರಿಕದಿಂದ ಹೊರಟು. ಬ್ರಯನ್ ಬೊರು ಅದನ್ನು ಕಂಡೇ ಇರಲಿಲ್ಲ. ಅವರ ಊಟ ಹಾಲು, ಬೆಣ್ಣೆ, ಮೊಸರು, ಓಟ್ಸ್, ಬಾರ್ಲಿ. ಎಲ್ಲದಕ್ಕೂ ಹಸುವೇ ಆಧಾರ. ದುಡ್ಡಿನ ಬದಲು ಹಾಲು ಕೊಡುವ ಹಸುವಿನ ಲೆಕ್ಕದಲ್ಲಿ ದಂಡ, ಕಪ್ಪ, ತೆರ. ಬೊರು ಎಂಬ ಅಡ್ಡಹೆಸರನ್ನೇ ದನದ ಕಪ್ಪ ವಸೂಲಿ ಮಾಡಿದವನು ಅಂತ ಕೆಲವರು ಬಿಡಿಸುತ್ತಾರೆ.

ಹೊಸ ರಾಜ ಪಟ್ಟಕ್ಕೆ ಬಂದ ಕೂಡಲೇ ಪಕ್ಕದ ರಾಜ್ಯಕ್ಕೆ ನುಗ್ಗಿ ದನ ಹೊಡೆದುಕೊಂಡು ಬರಬೇಕಿತ್ತು. ಅದು ಅವನ ಮೊದಲ ಪರೀಕ್ಷೆ. ತಂದ ದನವನ್ನು ಹಂಚಿದರೆ ಜನ ಹಿಂದೆ ನಿಲ್ಲುತ್ತಾರೆ. ನಮ್ಮ ಜಿಲ್ಲೆಯ ಊರೂರಲ್ಲಿ ತುರುಗೋಳಿನ ವೀರಗಲ್ಲು ನಿಂತಿವೆಯಲ್ಲ, ಮೇಲೆ ಕೈಲಾಸ, ಕೆಳಗೆ ದನದ ಮಂದೆ, ನಡುವೆ ಬಾಣ ಬಿಡುವ ವೀರ, ಅವನ್ನು ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾವು ದನ ಕಾಯಲು ಹೋಗಿ ಸತ್ತವನಿಗೆ ಕಲ್ಲು ನೆಟ್ಟೆವು, ಅವರು ದನ ಹೊಡೆದು ತಂದವನ ಮೇಲೆ ಹಾಡು ಕಟ್ಟಿದರು.

ದನ ಬಿಟ್ಟರೆ ಮರ. ಡಾಲ್ ಕಾಶ್‌ನವರು ಪಟ್ಟಾಭಿಷೇಕ ಮಾಡುತ್ತಿದ್ದದ್ದು ಕ್ಲೇರ್‌ನ ಮಾಗ್ ಆಯರ್ ಎಂಬ ಬಯಲಲ್ಲಿ, ಒಂದು ಪೂಜ್ಯ ಮರದ ಹತ್ತಿರ. 982ರಲ್ಲಿ ಮಾಲಕಿ ದಂಡೆತ್ತಿ ಬಂದು ಆ ಮರವನ್ನು ಬೇರು ಸಮೇತ ಕಡಿಸಿಹಾಕಿದ. ದೇವರಕಾಡಿಗೆ ಕೊಡಲಿ ಹಾಕಿದರೆ ಮಲೆನಾಡಿನವರಿಗೆ ಎಷ್ಟು ಉರಿಯುತ್ತೆ, ಅವರಿಗೂ ಅಷ್ಟೇ ಉರಿದಿರಬೇಕು.

1118ರಲ್ಲಿ ಪಾಲು ಮಾಡಿದ್ದು ಯಾರು? ಆಮೇಲೆ ಈ ಎರಡು ಮನೆತನ ಏನಾದವು?
*ವಕೀಲರು, ಸಕಲೇಶಪುರ*

ಪಾಲು ಮಾಡಿದ್ದು ಹೊರಗಿನವನು, ಲಾಯರ್ ಸಾಹೇಬ್ರೇ. ಮರ್ಟಾ ಓಬ್ರಯನ್ ಬಹಳ ಬಲಶಾಲಿ. 1101ರಲ್ಲಿ ಉತ್ತರದ ನೀಲ್ ಕುಲದವರ ಐಲಖ್ ಕೋಟೆ ಕೆಡವಿ, ಸೈನಿಕನಿಗೊಂದು ಕಲ್ಲು ಹೊತ್ತುಕೊಂಡು ಬನ್ನಿ ಅಂದನಂತೆ. ಅದೇ ವರ್ಷ ಕ್ಯಾಶೆಲ್ ಗುಡ್ಡವನ್ನು ಚರ್ಚಿಗೆ ದಾನ ಮಾಡಿಬಿಟ್ಟ. ಭಕ್ತಿ ಇರಬಹುದು, ಆದರೆ ನನಗೆ ಅದರಲ್ಲಿ ಲೆಕ್ಕಾಚಾರವೂ ಕಾಣುತ್ತದೆ. ಓಗನಾಖ್ಟದವರು ಐನೂರು ವರ್ಷ ಕೂತ ಜಾಗ ದೇವರಿಗೆ ಹೋಯಿತು, ಇನ್ನು ಅವರು ವಾಪಸ್ ಕೇಳುವಂತಿಲ್ಲ. 1114ರಲ್ಲಿ ಮರ್ಟಾ ಕಾಯಿಲೆ ಬಿದ್ದ, ತಮ್ಮ ಡರ್ಮಟ್ ಗದ್ದುಗೆಗೆ ಕೈ ಹಾಕಿದ. ಆ ಗಲಾಟೆಯಲ್ಲಿ ಕನಾಖ್ಟ್ ರಾಜ್ಯದ ಟರ್ಲಾ ಓಕಾನರ್ ಬಂದು ಉತ್ತರಕ್ಕೆ ಥೊಮಂಡ್, ದಕ್ಷಿಣಕ್ಕೆ ಡೆಸ್ಮಂಡ್ ಅಂತ ಗೆರೆ ಎಳೆದ. ಎರಡೂ ಮನೆ ಒಂದಾಗದಿದ್ದರೆ ಅವನಿಗೆ ಲಾಭ.

ನಮ್ಮ ಸೋಮೇಶ್ವರ ಇದೇ ಕೆಲಸವನ್ನು ಸ್ವಂತ ಮಕ್ಕಳಿಗೆ ಮಾಡಿದ, ದೋರಸಮುದ್ರ ನರಸಿಂಹನಿಗೆ, ತಮಿಳುನಾಡಿನ ಕಡೆ ಕಣ್ಣನೂರು ರಾಮನಾಥನಿಗೆ. ಮೂರನೇ ಬಲ್ಲಾಳ ಅದನ್ನು ಮತ್ತೆ ಕೂಡಿಸಿದ. ಮನ್‌ಸ್ಟರ್‌ಗೆ ಅಂಥವನು ಸಿಗಲಿಲ್ಲ.

ಮುಂದಿನದು ಚುಟುಕಾಗಿ. 1169ರಿಂದ ಇಂಗ್ಲೆಂಡಿನ ಕಡೆಯ ನಾರ್ಮನ್ನರು ದಂಡೆತ್ತಿ ಬಂದರು. 1171ರಲ್ಲಿ ಇಂಗ್ಲೆಂಡಿನ ಎರಡನೇ ಹೆನ್ರಿ ಬಂದಾಗ ಮೆಕಾರ್ಥಿಯೂ ಓಬ್ರಯನ್ನನೂ ತಲೆಬಾಗಿದರು. 1318ರಲ್ಲಿ ಡೈಸರ್ಟ್ ಓಡೇ ಎಂಬಲ್ಲಿ ಓಬ್ರಯನ್‌ಗಳು ಗೆದ್ದು ಥೊಮಂಡ್ ಉಳಿಸಿಕೊಂಡರು. 1543ರಲ್ಲಿ ಮರ್ರೋ ಓಬ್ರಯನ್ ರಾಜ ಅನ್ನುವ ಹೆಸರನ್ನು ಎಂಟನೇ ಹೆನ್ರಿಗೆ ಒಪ್ಪಿಸಿ, ಬದಲಿಗೆ ಥೊಮಂಡಿನ ಅರ್ಲ್ ಎಂಬ ಇಂಗ್ಲಿಷ್ ಪದವಿ ತಗೊಂಡ. 1565ರಲ್ಲಿ ಮೆಕಾರ್ಥಿ ಮನೆಯ ಹಿರಿಯನೂ ಹಾಗೇ ಅರ್ಲ್ ಆದ. ಪದವಿಯ ಜೊತೆಗೆ ಇಂಗ್ಲಿಷ್ ಕಾನೂನೂ ಬಂತು, ಹಿರಿಮಗನಿಗೇ ಆಸ್ತಿ. ನಾಲ್ಕು ತಲೆಮಾರಿನ ಲೆಕ್ಕ ಅಲ್ಲಿಗೆ ಬಂದ್. ಹಳೇ ಕುಲಗಳ ಹಿರಿಯರಿಗೆ ಐರಿಷ್ ಸರ್ಕಾರ 20ನೇ ಶತಮಾನದಲ್ಲಿ ಗೌರವಕ್ಕೆ ಅಂತ ಮಾನ್ಯತೆ ಕೊಡುತ್ತಿತ್ತು. ಮೆಕಾರ್ಥಿಗಳ ಹಿರಿಯ ತಾನೇ ಅಂತ ಒಬ್ಬ ಸುಳ್ಳು ವಂಶಾವಳಿ ಹಿಡಿದು ಬಂದು ಮಾನ್ಯತೆ ಗಿಟ್ಟಿಸಿಕೊಂಡದ್ದು 1999ರಲ್ಲಿ ಬಯಲಾಯಿತು. 2003ರಲ್ಲಿ ಸರ್ಕಾರ ಆ ಪದ್ಧತಿಯನ್ನೇ ನಿಲ್ಲಿಸಿತು.

ಮಗಳು ಡಬ್ಲಿನ್‌ನಲ್ಲಿ ಕೆಲಸದಲ್ಲಿದ್ದಾಳೆ, ನಾವಿಬ್ಬರೂ ಹೋಗುತ್ತಿದ್ದೇವೆ. ಇದರಲ್ಲಿ ನೋಡುವಂಥದ್ದು ಏನಾದರೂ ಉಳಿದಿದೆಯಾ?
*ನಿವೃತ್ತ ದಂಪತಿ, ಕಡೂರು*

ಇದೆ. ಡಬ್ಲಿನ್‌ನಿಂದ ಕ್ಯಾಶೆಲ್ ಸುಮಾರು 160 ಕಿ.ಮೀ. ಗುಡ್ಡದ ಮೇಲಿನ ಕೊರ್ಮಾಕ್‌ನ ಚಾಪೆಲ್ ತಪ್ಪಿಸಬೇಡಿ. ಕಟ್ಟಿಸಿದ್ದು ಕೊರ್ಮಾಕ್ ಮೆಕಾರ್ಥಿ, 1127ರಲ್ಲಿ ಶುರು, 1134ರಲ್ಲಿ ಪ್ರತಿಷ್ಠೆ. ಹಳೇಬೀಡಿನ ಹೊಯ್ಸಳೇಶ್ವರ ಏಳುತ್ತಿದ್ದ ಕಾಲವೇ. ಕುಸುರಿ ಕೆಲಸದಲ್ಲಿ ಹಳೇಬೀಡಿನ ಎದುರು ಇಡಬೇಡಿ, ಅದು ಮರಳುಗಲ್ಲು, ಬೇರೆ ದೇಶ, ಬೇರೆ ಕೈ. ಒಳಗೆ ಗೋಡೆಚಿತ್ರದ ತುಣುಕುಗಳಿವೆ, ಶೀತಕ್ಕೆ ಹಾಳಾಗದಂತೆ ಬಹಳ ಜೋಪಾನ ಮಾಡುತ್ತಾರೆ, ಅದಕ್ಕೆ ಗೈಡ್ ಜೊತೆಯೇ ಒಳಗೆ ಬಿಡುವುದು. ಹೋಗುವ ಮೊದಲು ಮಗಳಿಗೆ ಟಿಕೆಟ್ ವಿಚಾರಿಸಲು ಹೇಳಿ.

ಸಮಯ ಇದ್ದರೆ ಲಿಮರಿಕ್‌ನ ಸೇಂಟ್ ಮೇರಿ ಕೆಥೆಡ್ರಲ್ ನೋಡಿ, 1194ರಲ್ಲಿ ಸತ್ತ ಡೊನಾಲ್ ಮೋರ್ ಓಬ್ರಯನ್ ಕೊಟ್ಟ ಜಾಗ. ಅಲ್ಲಿಂದ ಕಿಲ್ಲಲೂ ಹತ್ತಿರ, ಶಾನನ್ ದಂಡೆಯ ಊರು, ಬ್ರಯನ್‌ನ ಮನೆ ಇದ್ದದ್ದು ಅಲ್ಲೇ. ಊರಾಚೆ ಅವನ ಹೆಸರಿನ ಒಂದು ಮಣ್ಣಿನ ಕೋಟೆ ಇದೆ, ದುಂಡಗಿನ ದಿಬ್ಬ, ಮೇಲೆಲ್ಲ ಮರ ಬೆಳೆದಿದೆ. ಛತ್ರಿ, ಗಟ್ಟಿ ಬೂಟು ಎರಡೂ ಇರಲಿ. ಡ್ರೊಮೊಲಂಡ್‌ನಲ್ಲಿ ಓಬ್ರಯನ್‌ಗಳ ಕೋಟೆ ಈಗ ದುಬಾರಿ ಹೋಟೆಲ್. ಒಳಗೆ ಉಳಿದುಕೊಳ್ಳಲು ಮಗಳು ಬುಕ್ ಮಾಡುತ್ತೇನೆ ಅಂದರೆ ಬಿಲ್ ಎಷ್ಟು ಅಂತ ಕೇಳಿ ಆಮೇಲೆ ಹೂಂ ಅನ್ನಿ.